ಸ್ತನದ ಗಂಟಿನ ಸ್ಕ್ಯಾನಿಂಗ್: ಎಲಾಸ್ಟೋಗ್ರಫಿ ಮತ್ತು ಎ.ಐ. ಸಹಾಯ ಬಳಸುವ ಬಗೆ

ಅಲ್ಟ್ರಾಸೌಂಡ್ ಯಂತ್ರದಲ್ಲಿ ಗಂಟಿನ ಗಡಸುತನ ಅಳೆಯುವ ಎಲಾಸ್ಟೋಗ್ರಫಿ ಇದೆ, ಗಂಟನ್ನು ತಾನೇ ಓದಿ ಹೇಳುವ ಎ.ಐ. ತಂತ್ರಾಂಶವೂ ಇದೆ ಎಂದಮಾತ್ರಕ್ಕೆ ಮಾಮೂಲಿ ಕಪ್ಪು-ಬಿಳುಪಿನ ಬಿ-ಮೋಡ್ ಚಿತ್ರದ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಎಲಾಸ್ಟೋಗ್ರಫಿ ನಿಮ್ಮ ಕೈಯ ಒತ್ತಡವನ್ನು ನೆಚ್ಚಿಕೊಂಡಿರುತ್ತದೆ, ಎ.ಐ. ನೀವು ಫ್ರೀಜ್ ಮಾಡಿದ ಚಿತ್ರವನ್ನು. ಎರಡರಲ್ಲೂ ತಪ್ಪು ಒಳಗೆ ಹೋದರೆ ತಪ್ಪೇ ಹೊರಗೆ ಬರುತ್ತದೆ, ಅದೂ ಬಣ್ಣಬಣ್ಣವಾಗಿ.

ಮೊದಲು ಬಿ-ಮೋಡ್

ಲೀನಿಯರ್ ಪ್ರೋಬ್ (ಮೈಮೇಲೆ ಆಡಿಸುವ ಚಪ್ಪಟೆ ಮುಖದ ಸಾಧನ) ಬಳಸಿ, 12 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಿನದು. ಗಂಟು ಸ್ತನದ ಹೊರಭಾಗದಲ್ಲಿದ್ದರೆ ಆ ಬದಿಯ ಬೆನ್ನಿನಡಿ ದಿಂಬು ಕೊಟ್ಟು, ಕೈಯನ್ನು ತಲೆಯ ಮೇಲಕ್ಕೆ ಎತ್ತಿಸಿ. ಸ್ತನ ಎದೆಗೂಡಿನ ಮೇಲೆ ತೆಳ್ಳಗೆ ಹರಡಿಕೊಳ್ಳಬೇಕು. ಒಳಭಾಗದ ಗಂಟಿಗೆ ಅಂಗಾತ ಮಲಗಿಸಿದರೆ ಸಾಕು. ಎದೆಯ ಪೆಕ್ಟೊರಾಲಿಸ್ ಸ್ನಾಯು ಪರದೆಯ ಕೆಳಭಾಗದಲ್ಲಿ ಕಾಣುವಷ್ಟು ಆಳ ಇಡಿ. ಸಾಮಾನ್ಯವಾಗಿ 3ರಿಂದ 4 ಸೆಂ.ಮೀ. ಸಾಕಾಗುತ್ತದೆ. ಫೋಕಸ್ ಗಂಟಿನ ಮಟ್ಟದಲ್ಲಿರಲಿ.

ಗೇನ್ (ಚಿತ್ರದ ಹೊಳಪಿನ ಮಟ್ಟ) ಸರಿಯಿದೆಯೇ ಎಂದು ತಿಳಿಯಲು ಚರ್ಮದಡಿಯ ಕೊಬ್ಬನ್ನು ನೋಡಿ, ಅದು ನಡುಮಟ್ಟದ ಬೂದು ಬಣ್ಣದಲ್ಲಿರಬೇಕು. ಗೇನ್ ಕಡಿಮೆಯಾದರೆ ಘನ ಗಡ್ಡೆಯೂ ನೀರುಗುಳ್ಳೆಯಂತೆ ಕಪ್ಪಾಗಿ ಕಾಣುತ್ತದೆ. ಹೆಚ್ಚಾದರೆ ಶುದ್ಧ ನೀರುಗುಳ್ಳೆಯೊಳಗೂ ಕಸ ತೇಲಿದಂತಿರುತ್ತದೆ.

ಗಂಟು ಸಿಕ್ಕ ಕೂಡಲೇ ಪ್ರೋಬನ್ನು 90 ಡಿಗ್ರಿ ತಿರುಗಿಸಿ. ಒಂದು ನೋಟದಲ್ಲಿ ಅಂಡಾಕಾರದ ಗಡ್ಡೆಯಂತಿದ್ದ ಕೊಬ್ಬಿನ ಮುದ್ದೆ ಇನ್ನೊಂದರಲ್ಲಿ ಉದ್ದವಾಗಿ ಪಕ್ಕದ ಕೊಬ್ಬಿನೊಂದಿಗೆ ಸೇರಿಹೋಗುತ್ತದೆ. ನಿಜವಾದ ಗಂಟು ಎರಡರಲ್ಲೂ ಗಂಟಾಗಿಯೇ ಉಳಿಯುತ್ತದೆ. ಮೂರು ಅಳತೆ, ಗಡಿಯಾರದ ಗಂಟೆಯ ಲೆಕ್ಕದಲ್ಲಿ ಜಾಗ, ತೊಟ್ಟಿನಿಂದ ಎಷ್ಟು ಸೆಂ.ಮೀ. ದೂರ, ಇಷ್ಟನ್ನೂ ಬರೆದುಕೊಳ್ಳಿ. ಪ್ರತಿ ನೋಟವನ್ನೂ ಅಳತೆ ಗುರುತು ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ಸೇವ್ ಮಾಡಿ. ಗುರುತಿಲ್ಲದ ಚಿತ್ರ ಮುಂದೆ ಎ.ಐ.ಗೆ ಬೇಕು.

ಡಾಪ್ಲರ್ (ರಕ್ತದ ಹರಿವು ತೋರಿಸುವ ವಿಧಾನ) ಹಾಕುವುದಾದರೆ ವೇಗದ ಸ್ಕೇಲ್ ಕಡಿಮೆ ಇಟ್ಟು ಪ್ರೋಬನ್ನು ಹಗುರವಾಗಿ ಹಿಡಿಯಿರಿ. ಒತ್ತಿದರೆ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಕಂಕುಳನ್ನೂ ನೋಡಿ. ದುಗ್ಧಗ್ರಂಥಿಯ ಹೊರಪದರ 3 ಮಿ.ಮೀ. ಮೀರಿದ್ದರೆ ಅನುಮಾನಿಸಬೇಕು.

ಇಲ್ಲಿ ನಿಲ್ಲಿ. ಎಲಾಸ್ಟೋ ಬಟನ್ ಒತ್ತುವ ಮುನ್ನ ನಿಮ್ಮ ಬೈ-ರ‍್ಯಾಡ್ಸ್ ವರ್ಗವನ್ನು (ಕ್ಯಾನ್ಸರಿನ ಅನುಮಾನ ಎಷ್ಟೆಂದು ಹೇಳುವ ಅಂಕೆ) ಬರೆದಿಡಿ. 2013ರ ಐದನೇ ಆವೃತ್ತಿಯ ಪ್ರಕಾರ 3 ಎಂದರೆ ಕ್ಯಾನ್ಸರ್ ಸಾಧ್ಯತೆ ಶೇ. 2 ಮೀರದು. 4ಎ ಶೇ. 2ರಿಂದ 10, 4ಬಿ 10ರಿಂದ 50, 4ಸಿ 50ರಿಂದ 95ರ ಒಳಗೆ, 5 ಎಂದರೆ ಶೇ. 95 ಅಥವಾ ಹೆಚ್ಚು. ಯಂತ್ರದ ಉತ್ತರ ನೋಡಿದ ಮೇಲೆ ಬರೆದ ವರ್ಗ ನಿಮ್ಮದಾಗಿರುವುದಿಲ್ಲ.

ಎಲಾಸ್ಟೋಗ್ರಫಿ: ಒತ್ತದಿರುವ ಕಲೆ

ಜೆಲ್ ಧಾರಾಳವಾಗಿ ಹಾಕಿ, ಪ್ರೋಬನ್ನು ಚರ್ಮಕ್ಕೆ ನೇರವಾಗಿ, ಅದರ ಭಾರವೂ ಬೀಳದಂತೆ ಹಿಡಿಯಿರಿ. ಒತ್ತಿದ ಕೊಬ್ಬು ಕೂಡ ಗಟ್ಟಿಯೆಂದು ಓದಿಸಿಕೊಳ್ಳುತ್ತದೆ, ಆಗ ಗಂಟಿಗೂ ಸುತ್ತಲಿನ ಭಾಗಕ್ಕೂ ವ್ಯತ್ಯಾಸವೇ ಉಳಿಯದು. ಪ್ರೋಬಿನಡಿ, ಚರ್ಮದ ಹತ್ತಿರವೇ ಗಟ್ಟಿ ಬಣ್ಣದ ಪಟ್ಟೆ ಕಂಡರೆ ಕೈ ಭಾರವಾಗಿದೆ ಎಂದರ್ಥ, ಕೈ ಸಡಿಲಿಸಿ.

ಸ್ಟ್ರೇನ್ ವಿಧಾನದಲ್ಲಿ (ಅತಿ ಸಣ್ಣ ಒತ್ತಡಕ್ಕೆ ಯಾವ ಭಾಗ ಎಷ್ಟು ಬಳುಕುತ್ತದೆಂದು ನೋಡುವುದು) ಬಾಕ್ಸನ್ನು ದೊಡ್ಡದಾಗಿ ಇಡಿ. ಕೊಬ್ಬು, ಗ್ರಂಥಿ, ಸ್ನಾಯು ಒಳಗಿರಬೇಕು, ಪಕ್ಕೆಲುಬು ಹೊರಗಿರಬೇಕು. ಬಣ್ಣಗಳು ಸಾಪೇಕ್ಷವಾದ್ದರಿಂದ ಹೋಲಿಸಲು ಮೆದು ಭಾಗ ಇರಲೇಬೇಕು. 1ರಿಂದ 5ರ ಅಂಕ ಕೊಡುವಾಗ, ಗಂಟು ಪೂರ್ತಿ ಗಟ್ಟಿಯಿದ್ದರೆ 4, ಗಡಸುತನ ಬಿ-ಮೋಡ್ ಅಂಚನ್ನೂ ದಾಟಿ ಸುತ್ತಲಿಗೆ ಹರಡಿದ್ದರೆ 5.

ಶಿಯರ್-ವೇವ್‌ನಲ್ಲಿ (ಯಂತ್ರವೇ ಎಬ್ಬಿಸಿದ ಅಲೆಯ ವೇಗದಿಂದ ಗಡಸುತನ ಅಳೆಯುವ ವಿಧಾನ) ಕೈ ಅಲುಗಿಸಲೇಬಾರದು. “ಅಮ್ಮಾ, ಉಸಿರು ಜೋರಾಗಿ ಎಳ್ಕೋಬೇಡಿ, ಹಾಗೇ ಒಂದ್ನಿಮಿಷ ತಡೀರಿ” ಎಂದು ಹೇಳಿ, ಬಣ್ಣ ನೆಲೆ ನಿಲ್ಲುವವರೆಗೆ ಕೆಲವು ಸೆಕೆಂಡು ಕಾದು ಫ್ರೀಜ್ ಮಾಡಿ. 2 ಮಿ.ಮೀ.ನ ವೃತ್ತವನ್ನು ಅತ್ಯಂತ ಗಟ್ಟಿಯಾದ ಜಾಗದಲ್ಲಿ ಇಡಿ. ಕ್ಯಾನ್ಸರಿನಲ್ಲಿ ಅದು ಬಹಳ ಸಲ ಗಂಟಿನ ನಡುವಲ್ಲ, ಅಂಚು. ಗರಿಷ್ಠ ಮೌಲ್ಯಕ್ಕೆ 80 ಕಿಲೋಪಾಸ್ಕಲ್, ಅಂದರೆ ಸೆಕೆಂಡಿಗೆ ಸುಮಾರು 5.2 ಮೀಟರ್, ಹೆಚ್ಚಾಗಿ ಬಳಕೆಯಲ್ಲಿರುವ ಗಡಿ. ಆದರೂ ಯಂತ್ರದಿಂದ ಯಂತ್ರಕ್ಕೆ ಇದು ಬದಲಾಗುತ್ತದೆ. ಪರದೆಯಲ್ಲಿ ಯಾವ ಏಕಮಾನವಿದೆ ಎಂಬುದನ್ನೂ ನೋಡಿಕೊಳ್ಳಿ. ಗಡಸುತನ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುವುದರಿಂದ, ಅರ್ಧ ವೇಗವಾದ 2.6 ಮೀಟರ್ ಎಂದರೆ 40 ಅಲ್ಲ, ಸುಮಾರು 20 ಕಿಲೋಪಾಸ್ಕಲ್.

ಮೋಸ ಹೋಗುವ ಜಾಗಗಳು ಮೂರು. ಬಣ್ಣದ ಅರ್ಥ ಎಲ್ಲ ಯಂತ್ರಗಳಲ್ಲೂ ಒಂದೇ ಅಲ್ಲ. ಕೆಲವದರಲ್ಲಿ ನೀಲಿ ಗಟ್ಟಿ, ಕೆಲವದರಲ್ಲಿ ಕೆಂಪು ಗಟ್ಟಿ, ಆದ್ದರಿಂದ ಪಕ್ಕದ ಬಣ್ಣದ ಪಟ್ಟಿಯನ್ನು ಓದಿಯೇ ಮುಂದುವರಿಯಿರಿ. ಇನ್ನೊಂದು, ಬಹಳ ಗಟ್ಟಿಯಾದ ಕ್ಯಾನ್ಸರಿನೊಳಗೆ ಶಿಯರ್ ಅಲೆ ಸರಿಯಾಗಿ ಹರಡದೆ ಬಣ್ಣವೇ ತುಂಬದಿರಬಹುದು. ಆ ಖಾಲಿ ಜಾಗವನ್ನು ‘ಮೆದು’ ಎಂದು ಓದಬೇಡಿ. ಮೂರನೆಯದು, ಮ್ಯೂಸಿನಸ್‌ನಂಥ (ಲೋಳೆ ತುಂಬಿದ) ಕೆಲವು ಕ್ಯಾನ್ಸರುಗಳು ನಿಜಕ್ಕೂ ಮೆದುವಾಗಿರುತ್ತವೆ, ಹಳೆಯ ಸುಣ್ಣಗಟ್ಟಿದ ಫೈಬ್ರೊಅಡಿನೋಮ (ಸೌಮ್ಯ ಗಡ್ಡೆ) ಕಲ್ಲಿನಂತಿರುತ್ತದೆ.

ಎ.ಐ.ಗೆ ಚಿತ್ರ ಕೊಡುವುದು

ಅಳತೆ ಗುರುತು, ಡಾಪ್ಲರ್ ಬಣ್ಣ, ಅಕ್ಷರ ಯಾವುದೂ ಗಂಟಿನ ಮೇಲಿಲ್ಲದ ಚಿತ್ರ ಆರಿಸಿ. ಒಂದಕ್ಕೊಂದು ಲಂಬವಾದ ಎರಡು ನೋಟಗಳನ್ನು ಕೊಡಿ. ತಂತ್ರಾಂಶ ಒಂದೇ ಚಿತ್ರ ಕೇಳುವಂಥದ್ದಾದರೆ ಎರಡು ಸಲ ಓಡಿಸಿ.

ಯಂತ್ರ ಎಳೆದ ಅಂಚಿನ ಗೆರೆಯನ್ನು ಪರೀಕ್ಷಿಸುವುದೇ ಇಲ್ಲಿನ ಮುಖ್ಯ ಕೆಲಸ, ಬಹುಮಂದಿ ಬಿಡುವುದೂ ಇದನ್ನೇ. ಗಂಟಿನ ಹಿಂದಿನ ನೆರಳನ್ನೂ ಗೆರೆ ಒಳಗೆ ಸೇರಿಸಿಕೊಂಡರೆ, ಅಡ್ಡಡ್ಡ ಮಲಗಿದ್ದ ಗಂಟು ನಿಂತಿರುವಂತೆ (ಅಗಲಕ್ಕಿಂತ ಎತ್ತರ ಹೆಚ್ಚೆಂದು) ಲೆಕ್ಕವಾಗಿ ಸುಮ್ಮನೆ ಅನುಮಾನ ಹುಟ್ಟುತ್ತದೆ. ಮುಳ್ಳುಮುಳ್ಳಾದ ಅಂಚನ್ನು ಗೆರೆ ನಯಗೊಳಿಸಿ ದಾಟಿದರೆ ಕ್ಯಾನ್ಸರ್ ಸೌಮ್ಯವೆನಿಸುತ್ತದೆ, ಇದು ಹೆಚ್ಚು ಅಪಾಯದ್ದು. ಗೆರೆ ಒಪ್ಪದಿದ್ದರೆ ಬೇರೆ ಗೆರೆ ಆರಿಸಿ, ಇಲ್ಲವೇ ಕೈಯಿಂದ ಎಳೆಯಿರಿ. ಎರಡು ನೋಟಗಳ ಉತ್ತರ ಬೇರೆ ಬಂದರೆ ಹೆಚ್ಚು ಅನುಮಾನದ್ದನ್ನೇ ಹಿಡಿಯಿರಿ. ಇಷ್ಟವಾದ ಉತ್ತರ ಬರುವತನಕ ಫ್ರೀಜ್ ಮಾಡುತ್ತ ಹೋಗುವುದು ರೋಗನಿರ್ಣಯವಲ್ಲ.

ಯಾವಾಗ ವರ್ಗ ಬದಲಿಸಬಹುದು

ಈ ಎರಡೂ ಸಾಧನಗಳಿಗೆ ಮಾತಾಡಲು ಜಾಗವಿರುವುದು 3 ಮತ್ತು 4ಎ ನಡುವಿನ ಗಡಿಯಲ್ಲಿ. ನೀವು 3 ಎಂದ ಗಂಟು ಗಟ್ಟಿಯಾಗಿ ಕಂಡು ಎ.ಐ. ಕೂಡ ಅನುಮಾನಿಸಿದರೆ ಬಯಾಪ್ಸಿಗೆ ಕಳಿಸಿ. 4ಎ ಗಂಟು ಮೆದುವಾಗಿದ್ದು ಎ.ಐ. ಸೌಮ್ಯವೆಂದರೆ 3ಕ್ಕೆ ಇಳಿಸುವುದನ್ನು ಯೋಚಿಸಬಹುದು, ಮರುಪರೀಕ್ಷೆಗೆ ರೋಗಿ ಖಂಡಿತ ಬರುತ್ತಾರೆ ಎಂಬ ಭರವಸೆಯಿದ್ದರೆ ಮಾತ್ರ. ಮೊದಲ ಮರುಪರೀಕ್ಷೆ 6 ತಿಂಗಳಿಗೆ. 4ಬಿ, 4ಸಿ, 5ನ್ನು ಇಳಿಸಲು ಇವೆರಡನ್ನೂ ಬಳಸಬೇಡಿ. ಮ್ಯಾಮೊಗ್ರಾಮಿನಲ್ಲಿ ಅನುಮಾನದ ಸುಣ್ಣದ ಕಣಗಳಿದ್ದರೂ ಅಷ್ಟೇ, ಅವುಗಳ ವಿಷಯದಲ್ಲಿ ಅಲ್ಟ್ರಾಸೌಂಡ್ ಕಣ್ಣು ಮಂದ.

ಬಯಾಪ್ಸಿಗೆ 14 ಗೇಜ್ ಕೋರ್ ಸೂಜಿ (ಗಂಟಿನ ಸಣ್ಣ ತುಂಡು ತೆಗೆಯುವ ಸೂಜಿ) ರೂಢಿ. ಎಲಾಸ್ಟೋಗ್ರಫಿ ಅದಕ್ಕಿಂತ ಮುಂಚೆಯೇ ಮುಗಿದಿರಲಿ, ರಕ್ತ ಕಟ್ಟಿದ ಮೇಲೆ ಗಡಸುತನದ ಅಂಕೆಗೆ ಬೆಲೆಯಿಲ್ಲ. ರಿಪೋರ್ಟಿನಲ್ಲಿ ನಿಮ್ಮ ಮೊದಲ ವರ್ಗ, ಗರಿಷ್ಠ ಗಡಸುತನ ಮತ್ತು ಅದರ ಏಕಮಾನ, ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಅದು ಕೊಟ್ಟ ಉತ್ತರ, ಕೊನೆಯ ವರ್ಗ, ಬದಲಿಸಿದ್ದರೆ ಕಾರಣ, ಈ ಕ್ರಮದಲ್ಲಿ ಬರೆಯಿರಿ.