ನರವಿಜ್ಞಾನ ಓದಿ ಮುಂಬೈ, ಪುಣೆಗೆ ಬಂದಿದ್ದೀರಾ? ಕೆಲಸ ಬೇರೆ ಹೆಸರಿನಲ್ಲಿದೆ

ಧಾರವಾಡದಿಂದ ಪುಣೆಗೆ ಬಂದ ಹೊಸತರಲ್ಲಿ ನಾನು ದಿನಾ ಜಾಬ್ ಪೋರ್ಟಲ್ ತೆರೆದು 'ನ್ಯೂರೋಸೈನ್ಸ್' ಅಂತ ಒಂದೇ ಪದ ಹುಡುಕುತ್ತಿದ್ದೆ. ಸಿಗುತ್ತಿದ್ದದ್ದು ಪಿಎಚ್‌ಡಿ ಸೀಟು, ಪ್ರಾಜೆಕ್ಟ್ ಫೆಲೋ ಜಾಗ ಅಷ್ಟೇ. ಕಂಪನಿ ಕೆಲಸವೇ ಇಲ್ಲ ಅಂದುಕೊಂಡು ಎರಡು ತಿಂಗಳು ಸುಮ್ನೆ ಕಳೆದೆ. ಕೆಲಸ ಇತ್ತು. ನಾನು ಹುಡುಕುತ್ತಿದ್ದ ಹೆಸರು ತಪ್ಪಾಗಿತ್ತು.

ಮುಂಬೈ ಔಷಧ ಕಂಪನಿಗಳ ಊರು. ಸನ್ ಫಾರ್ಮಾ, ಸಿಪ್ಲಾ, ಲುಪಿನ್, ಗ್ಲೆನ್‌ಮಾರ್ಕ್ ಎಲ್ಲದರ ಮುಖ್ಯ ಕಚೇರಿ ಅಲ್ಲೇ. ಅಲ್ಲಿ ಹುಡುಕಬೇಕಾದ ಪದಗಳು ಕ್ಲಿನಿಕಲ್ ರಿಸರ್ಚ್ ಅಸೋಸಿಯೇಟ್ (ರೋಗಿಗಳ ಮೇಲಿನ ಔಷಧ ಪ್ರಯೋಗ ಸರಿಯಾಗಿ ನಡೆಯುತ್ತಿದೆಯೇ ಅಂತ ನೋಡುವವರು), ಫಾರ್ಮಕೋವಿಜಿಲೆನ್ಸ್ (ಔಷಧದ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ ಕೆಲಸ), ಮೆಡಿಕಲ್ ರೈಟರ್ (ವೈದ್ಯಕೀಯ ದಾಖಲೆ ಬರೆಯುವವರು), ರೆಗ್ಯುಲೇಟರಿ ಅಫೇರ್ಸ್ (ಔಷಧಕ್ಕೆ ಸರ್ಕಾರದ ಅನುಮತಿ ಪಡೆಯುವ ಕೆಲಸ). ಪುಣೆಯ ದಾರಿ ಸ್ವಲ್ಪ ಬೇರೆ. ಪಾಷಾಣ್‌ನ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಆವರಣದಲ್ಲಿ ವೆಂಚರ್ ಸೆಂಟರ್ ಇದೆ, ಅಲ್ಲಿ ಸಣ್ಣ ಸಣ್ಣ ವಿಜ್ಞಾನ ಕಂಪನಿಗಳು ಬೆಳೆಯುತ್ತವೆ. ಸ್ವಂತ ಐಡಿಯಾ ಇದ್ದವರು ಜೈವಿಕ ತಂತ್ರಜ್ಞಾನಕ್ಕೆ ನೆರವು ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬೈರ್ಯಾಕ್‌ನ 'ಬಿಗ್' ಎಂಬ ಅನುದಾನಕ್ಕೆ ಅಲ್ಲಿಂದಲೇ ಪ್ರಯತ್ನಿಸಬಹುದು, 50 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ಸಿಗ್ನಲ್ ಮೇಲೆ ಪೈಥಾನ್ ಪ್ರೋಗ್ರಾಮಿಂಗ್‌ನಲ್ಲಿ ಕೈ ಆಡಿಸಿದವರಿಗೆ ಡೇಟಾ ಕೆಲಸದ ಬಾಗಿಲೂ ಇದೆ.

ಯಾವ ಕಂಪನಿಗೆ ಅರ್ಜಿ ಹಾಕಬೇಕು ಅಂತ ತಿಳಿಯಲು ನನಗೆ ಎಲ್ಲಕ್ಕಿಂತ ಜಾಸ್ತಿ ನೆರವಾದದ್ದು ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ಆನ್‌ಲೈನ್ ನೋಂದಣಿ ಪಟ್ಟಿ. ನಮ್ಮ ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ಅಲ್ಲಿ ನೋಂದಾಯಿಸಲೇಬೇಕು, 2009ರ ಜೂನ್ 15ರಿಂದ ಇದು ಕಡ್ಡಾಯ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. 'ಎಪಿಲೆಪ್ಸಿ', 'ಪಾರ್ಕಿನ್ಸನ್' ಅಂತ ಹುಡುಕಿ. ಹಣ ಹಾಕಿದ ಕಂಪನಿ ಯಾವುದು, ಯಾವ ಆಸ್ಪತ್ರೆಯಲ್ಲಿ ನಡೆಯುತ್ತಿದೆ ಎಲ್ಲ ಸಿಗುತ್ತದೆ. ಒಂದು ಸಂಜೆ ಕೂತು ಮುಂಬೈ, ಪುಣೆಯ ಹೆಸರುಗಳನ್ನು ಬರೆದುಕೊಂಡರೆ ನಿಮ್ಮದೇ ಪಟ್ಟಿ ಸಿದ್ಧ. ಜೊತೆಗೆ ಜಿಸಿಪಿ (ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಪ್ರಯೋಗ ನಡೆಸುವ ಸರಿಯಾದ ಕ್ರಮ) ಆನ್‌ಲೈನ್ ಕೋರ್ಸ್ ಮುಗಿಸಿ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳನ್ನು ಒಮ್ಮೆ ಓದಿ. ಸಂದರ್ಶನದಲ್ಲಿ ಅದರ ಮೇಲೆ ಕೇಳುತ್ತಾರೆ.

ರೆಸ್ಯೂಮೆಯಲ್ಲಿ ಪ್ರಬಂಧದ ಉದ್ದ ಶೀರ್ಷಿಕೆ ಮೇಲೆ ಹಾಕಬೇಡಿ. ಇಲಿಗಳ ಹಿಪ್ಪೊಕ್ಯಾಂಪಸ್ ಬಗ್ಗೆ ಎಚ್‌ಆರ್‌ಗೆ ಏನು ಗೊತ್ತಾಗುತ್ತದೆ, ಅಲ್ವಾ? ಎಥಿಕ್ಸ್ ಕಮಿಟಿಗೆ ಅರ್ಜಿ ಬರೆದೆ, ಪ್ರತಿ ಪ್ರಯೋಗದ ದಾಖಲೆ ಇಟ್ಟೆ, ತಪ್ಪಾದ ಡೇಟಾ ಹಿಡಿದು ಸರಿಪಡಿಸಿದೆ ಅಂತ ಬರೆಯಿರಿ. ಕಂಪನಿ ಸಂಬಳ ಕೊಡುವುದು ಇವಕ್ಕೇ.

ಪೇಟೆಂಟ್ ಏಜೆಂಟ್ ಅಂದರೆ ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ಸಿದ್ಧಪಡಿಸಿ ನಡೆಸುವವರು. ಆ ಪರೀಕ್ಷೆಯನ್ನು ನಮ್ಮವರು ಯಾಕೋ ಗಮನಿಸುವುದೇ ಇಲ್ಲ. ವಿಜ್ಞಾನ ಪದವಿ, 21 ವಯಸ್ಸು, ಭಾರತದ ಪೌರತ್ವ ಇದ್ದರೆ ಕೂರಬಹುದು. ಕಾನೂನು ಪದವಿ ಬೇಕಿಲ್ಲ. ಪೇಟೆಂಟ್ ಕಚೇರಿಯ ಒಂದು ಶಾಖೆ ಮುಂಬೈನ ಆಂಟಾಪ್ ಹಿಲ್‌ನಲ್ಲೇ ಇದೆ.

ಆಫರ್ ಬಂದಾಗ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ನೋಡಿ ಹಿಗ್ಗಬೇಡಿ. ಅದರಲ್ಲಿ ಸಾಮಾನ್ಯವಾಗಿ ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿಯೂ ಸೇರಿರುತ್ತದೆ. ಕೈಗೆ ಬರುವುದೆಷ್ಟು ಅಂತ ಕೇಳಿ. ನೋಟಿಸ್ ಅವಧಿ ಎಷ್ಟು ಅಂತಲೂ ಕೇಳಿ, 90 ದಿನ ಇರುವ ಕಡೆ ಮುಂದಿನ ಕೆಲಸಕ್ಕೆ ಹಾರುವುದು ಕಷ್ಟ. ನನ್ನ ಮೊದಲ ಕಂಪನಿ ಮೂಲ ಅಂಕಪಟ್ಟಿ ಇಟ್ಟುಕೊಂಡಿತ್ತು. ವಾಪಸ್ ಪಡೆಯಲು ಆರು ತಿಂಗಳು ಅಲೆದೆ. ದಯವಿಟ್ಟು ನಕಲು ಮಾತ್ರ ಕೊಡಿ. ಮನೆ ಬಾಡಿಗೆ ಕರಾರು 11 ತಿಂಗಳದ್ದಾದರೂ ಮಹಾರಾಷ್ಟ್ರದಲ್ಲಿ ನೋಂದಣಿ ಆಗಲೇಬೇಕು. ಊರಿನಂತೆ ಬರೀ ಸ್ಟಾಂಪ್ ಪೇಪರ್ ಸಾಲದು.

ಮರಾಠಿ ಕಲಿಯಿರಿ, ಆಸ್ಪತ್ರೆಗಳಲ್ಲಿ ಅದೇ ನಡೆಯುತ್ತದೆ. ಆದರೆ ಕನ್ನಡವನ್ನು ರೆಸ್ಯೂಮೆಯಲ್ಲಿ ಎದ್ದು ಕಾಣುವಂತೆ ಬರೆಯಿರಿ. ಪ್ರಯೋಗಕ್ಕೆ ಸೇರುವ ರೋಗಿಯ ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಮುಂಬೈ ಕಂಪನಿ ಬೆಳಗಾವಿಯಲ್ಲೋ ಮೈಸೂರಿನಲ್ಲೋ ಪ್ರಯೋಗ ನಡೆಸಿದರೆ ಆ ಕನ್ನಡ ಪತ್ರವನ್ನು ಓದಿ, ಫಿಟ್ಸ್ ಬರುವ ಮಗುವಿನ ತಾಯಿಗೆ ಇದು ತಿಳಿಯುತ್ತದೆಯೇ ಅಂತ ಹೇಳಬಲ್ಲ ವಿಜ್ಞಾನಿ ಅವರಿಗೆ ಬೇಕು. ನನಗೆ ಈಗಿನ ಕೆಲಸ ಸಿಕ್ಕಿದ್ದು ಹಾಗೆಯೇ.