ಥೈರಾಯ್ಡ್ ಮಾತ್ರೆ ಮೈಗೆ ಹತ್ತಬೇಕಾದರೆ

ಥೈರಾಯ್ಡ್ ಹಾರ್ಮೋನು ಕಡಿಮೆಯೆಂದು ಕೊಟ್ಟ ಮಾತ್ರೆ ತಪ್ಪದೆ ನುಂಗಿದರೂ, ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನಾದ ಟಿಎಸ್‌ಎಚ್ ಇಳಿಯುತ್ತಿಲ್ಲ ಎಂದಾಗ ಡೋಸ್ ಏರಿಸುವ ಮೊದಲು ನೋಡಬೇಕಾದದ್ದು ಮಾತ್ರೆಯ ಹಿಂದೆ ಮುಂದೆ ಹೊಟ್ಟೆಗೆ ಏನು ಹೋಗುತ್ತಿದೆ ಎಂಬುದನ್ನು.

ಕುತ್ತಿಗೆಯ ಮುಂಭಾಗದ ಥೈರಾಯ್ಡ್ ಗ್ರಂಥಿ ಟಿ4 ಅಂದರೆ ಥೈರಾಕ್ಸಿನ್, ಜೊತೆಗೆ ಸ್ವಲ್ಪ ಟಿ3 ತಯಾರಿಸುತ್ತದೆ. ಎದೆಬಡಿತದ ವೇಗ, ಮೈಬಿಸಿ, ಮಲವಿಸರ್ಜನೆ, ಮುಟ್ಟು ಎಲ್ಲದರ ಮೇಲೂ ಇವುಗಳ ಹಿಡಿತವಿದೆ. ರಕ್ತದಲ್ಲಿ ಇವು ಕಡಿಮೆಯಾದರೆ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಹೆಚ್ಚಿಸುತ್ತದೆ, ಜಾಸ್ತಿಯಾದರೆ ತಗ್ಗಿಸುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಟಿಎಸ್‌ಎಚ್ ಮೇಲೇರಿದೆ ಎಂದರೆ ಸಾಮಾನ್ಯವಾಗಿ ಥೈರಾಯ್ಡ್ ಹಾರ್ಮೋನು ಸಾಲುತ್ತಿಲ್ಲ ಎಂದೇ ಅರ್ಥ. ಉಲ್ಟಾ ಓದಿಕೊಂಡು ಮಾತ್ರೆ ನಿಲ್ಲಿಸಬೇಡಿ. ವಯಸ್ಕರಿಗೆ ಟಿಎಸ್‌ಎಚ್ ಸುಮಾರು 0.4ರಿಂದ 4ರ (mIU/L) ಒಳಗಿದ್ದರೆ ಸರಿ. ಗರ್ಭಿಣಿಯರಿಗೆ ಲೆಕ್ಕ ಬೇರೆ.

ಅಯೋಡಿನ್ ಇರುವ ಮೀನನ್ನು ದಿನಾ ತಿನ್ನುವ ನಮಗೆ ಥೈರಾಯ್ಡ್ ಹೇಗೆ ಬಂತು ಎಂದು ಕೇಳುವವರಿದ್ದಾರೆ. ಮೀನು, ಅಯೋಡಿನ್ ಉಪ್ಪು ಎರಡೂ ಸಿಗುವ ಕಡೆ ಸಾಮಾನ್ಯ ಕಾರಣ ಅಯೋಡಿನ್ ಕೊರತೆಯಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯನ್ನು ಹಾಳುಮಾಡುವ ಹಾಶಿಮೊಟೊ ಕಾಯಿಲೆ. ಮೀನು ಬಿಡುವುದೂ ಬೇಡ, ಅಯೋಡಿನ್ ಮಾತ್ರೆ ಸ್ವಂತ ಬುದ್ಧಿಯಿಂದ ತಿನ್ನುವುದೂ ಬೇಡ. ಥೈರಾಯ್ಡ್‌ಗೆ ಆಗದು ಎಂದು ಹಲವರು ಬಿಡುವ ಕ್ಯಾಬೇಜನ್ನೂ ಬೇಯಿಸಿದ ಪಲ್ಯವಾಗಿ ಹಿತಮಿತವಾಗಿ ತಿನ್ನಬಹುದು.

ಈಗ ಮಾತ್ರೆಯ ವಿಷಯ. ಅದರಲ್ಲಿರುವುದು ಟಿ4, ಅಂದರೆ ಥೈರಾಕ್ಸಿನ್ನೇ. ಇದರ ಅಳತೆ 25, 50, 100 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಪಾಲಿನ ಲೆಕ್ಕ. ಅಷ್ಟು ಚೂರಿನಲ್ಲಿ ಒಂದು ಪಾಲು ಕಾಫಿಯಿಂದಲೋ ತಿಂಡಿಯಿಂದಲೋ ಕರುಳಿನಲ್ಲೇ ಉಳಿದುಹೋದರೆ ರಿಪೋರ್ಟಿನಲ್ಲಿ ಕಾಣುತ್ತದೆ. ಎದ್ದ ಕೂಡಲೇ ಒಂದು ಲೋಟ ಬರೀ ನೀರಿನಲ್ಲಿ ನುಂಗಿ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿ, ಚಾ, ಗಂಜಿ, ನೀರುದೋಸೆ ಯಾವುದೂ ಬೇಡ. ಸಕ್ಕರೆ, ಹಾಲು ಇಲ್ಲದ ಕಪ್ಪು ಕಾಫಿಯೂ ಮಾತ್ರೆಯನ್ನು ಪೂರ್ತಿ ಹೀರಲು ಬಿಡುವುದಿಲ್ಲ. ಬೆಳಿಗ್ಗೆ ಇದು ಸಾಧ್ಯವೇ ಇಲ್ಲ ಎನ್ನುವವರು ಡಾಕ್ಟರಿಗೆ ಹೇಳಿ, ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬಹುದು.

ಹೆಚ್ಚಿನವರು ಎಡವುವುದು ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಲ್ಲಿ. ಇವೆರಡೂ ಹೊಟ್ಟೆಯಲ್ಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರದಂತೆ ಮಾಡುತ್ತವೆ. ನಾಲ್ಕು ಗಂಟೆ ಅಂತರ ಬೇಕು. ಬಸುರಿಯರಿಗೆ ಕಬ್ಬಿಣ, ಕ್ಯಾಲ್ಸಿಯಂ, ಥೈರಾಯ್ಡ್ ಮೂರೂ ಇರುವಾಗ ಹೀಗೆ ಹಂಚಿ: ಬೆಳಿಗ್ಗೆ 6ಕ್ಕೆ ಥೈರಾಯ್ಡ್, ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ, ರಾತ್ರಿ ಕಬ್ಬಿಣ. ಕ್ಯಾಲ್ಸಿಯಂ ಎರಡು ಹೊತ್ತು ಬರೆದಿದ್ದರೆ ಹೊತ್ತುಗಳನ್ನು ಡಾಕ್ಟರಲ್ಲೇ ಗೊತ್ತುಮಾಡಿಕೊಳ್ಳಿ. ಅಂದಹಾಗೆ, ಮೊದಲೇ ಥೈರಾಯ್ಡ್ ಮಾತ್ರೆ ತಿನ್ನುತ್ತಿರುವವರು ಗರ್ಭ ನಿಂತದ್ದು ಗೊತ್ತಾದ ದಿನವೇ ಡಾಕ್ಟರಿಗೆ ತಿಳಿಸಬೇಕು. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಡೋಸ್ ಸಾಮಾನ್ಯವಾಗಿ ಕಾಲು ಭಾಗದಷ್ಟಾದರೂ ಏರಿಸಬೇಕಾಗುತ್ತದೆ. ಮುಂದಿನ ಚೆಕಪ್‌ವರೆಗೆ ಕಾಯುವ ವಿಷಯ ಇದಲ್ಲ.

ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯವನ್ನೂ ಖಾಲಿ ಹೊಟ್ಟೆಗೇ ಕುಡಿಯುವುದು ರೂಢಿ. ಕುಡಿಯುವ ಮನೆಯವರು ಆ ದಿನ ಮಾತ್ರೆ ಮೊದಲು ನುಂಗಿ, ಒಂದು ಗಂಟೆ ಬಿಟ್ಟು ಕಷಾಯ, ಆಮೇಲೆ ಮೆಂತೆ ಗಂಜಿ ಎಂದು ಇಟ್ಟುಕೊಳ್ಳಲಿ. ನಿರ್ಜಲ ಏಕಾದಶಿ ಹಿಡಿಯುವವರು ಒಂದು ದಿನ ತಪ್ಪಿತೆಂದು ಗಾಬರಿಪಡಬೇಕಿಲ್ಲ: ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಮರುದಿನ ಎಂದಿನಷ್ಟೇ ನುಂಗಿ. ಡಾಕ್ಟರು ಹೇಳದೆ ಎರಡು ಸೇರಿಸಬೇಡಿ.

ಮಳೆಗಾಲದಲ್ಲಿ ನಮ್ಮ ಕರಾವಳಿಯ ಹವೆಗೆ ಉಪ್ಪೇ ನೀರಾಗುತ್ತದೆ, ಮಾತ್ರೆಯೂ ತೇವ, ಬಿಸಿ, ಬೆಳಕಿಗೆ ಕೆಡುವಂಥದ್ದು. ಬಂದ ಬಾಟಲಿಯಲ್ಲೇ ಇರಲಿ, ಒಳಗಿನ ಸಣ್ಣ ಸಿಲಿಕಾ ಪೊಟ್ಟಣ ಎಸೆಯಬೇಡಿ. ಅಡುಗೆಮನೆಯ ಒಲೆ ಪಕ್ಕ, ಬಚ್ಚಲಿನ ಕಪಾಟು ಬೇಡ. ಮಲಗುವ ಕೋಣೆಯ ಕಪಾಟು ಒಳ್ಳೆಯದು. ವಾರಕ್ಕಾಗುವಷ್ಟು ಅರ್ಧರ್ಧ ಮುರಿದಿಡಬೇಡಿ.

ಟಿ4 ಇಷ್ಟು ನಿಧಾನವಾಗಿ ಬದಲಾಗುವುದರಿಂದಲೇ, ಗರ್ಭಿಣಿಯರನ್ನು ಬಿಟ್ಟು ಉಳಿದವರು ಡೋಸ್ ಬದಲಿಸಿದ ಆರರಿಂದ ಎಂಟು ವಾರದ ಮೊದಲು ಟಿಎಸ್‌ಎಚ್ ಮಾಡಿಸಿದರೆ ದುಡ್ಡು ದಂಡ. ಪ್ರತಿಸಲ ಅದೇ ಲ್ಯಾಬ್, ಬೆಳಗಿನ ಅದೇ ಹೊತ್ತು. ಮಧ್ಯಾಹ್ನ ಟಿಎಸ್‌ಎಚ್ ತಾನಾಗಿ ಸ್ವಲ್ಪ ಇಳಿದಿರುತ್ತದೆ. ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4ರ ಟೆಸ್ಟ್) ಕೂಡ ಬರೆದಿದ್ದರೆ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಿ. ಕೂದಲಿಗೆಂದು ತಿನ್ನುವ ಬಯೋಟಿನ್ ಮಾತ್ರೆ ರಿಪೋರ್ಟನ್ನೇ ತಪ್ಪಾಗಿಸಬಲ್ಲದು, ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ.

ಎದೆ ಡವಗುಟ್ಟುವುದು, ಕೈ ನಡುಕ, ನಿದ್ದೆ ಬಾರದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು ಡೋಸ್ ಹೆಚ್ಚಾದ ಸೂಚನೆ. ವಯಸ್ಸಾದವರಲ್ಲಿ ಇದು ಹೃದಯದ ಲಯ ತಪ್ಪಿಸುತ್ತದೆ, ಮೂಳೆ ಸವೆಸುತ್ತದೆ. ಆಗ ಮುಂದಿನ ಟೆಸ್ಟಿನ ದಿನ ನೋಡದೆ ಡಾಕ್ಟರನ್ನು ಕಾಣಿ. ಹೋಗುವಾಗ ತಿನ್ನುವ ಎಲ್ಲ ಮಾತ್ರೆ, ಲೇಹ್ಯ, ಪುಡಿಗಳ ಹೆಸರು ಮತ್ತು ತೆಗೆದುಕೊಳ್ಳುವ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ.