ಮನೆ ಅನ್ನೋ ವಿಷಯ ಇಟ್ಕೊಂಡು ಮಕ್ಕಳಿಗೆ ಜನಪದ ಕಲೆ ಮ್ಯೂಸಿಯಂ ತೋರ್ಸೋದು ಹೇಗೆ

ಮೊದಲನೇ ಮಾತು, ಎಲ್ಲಾ ತೋರ್ಸೋಕೆ ಹೋಗ್ಬೇಡಿ. ಒಂದು ಗಂಟೆಗೆ ನಾಲ್ಕು ವಸ್ತು ಧಾರಾಳ ಆಯ್ತು. ಹಿಂದಿನ ದಿನ ನೀವೊಬ್ರೇ ಹೋಗಿ ಆ ನಾಲ್ಕನ್ನ ಆರಿಸ್ಕೊಳ್ಳಿ, ಮಕ್ಕಳ ಎತ್ತರಕ್ಕೆ ಬಗ್ಗಿ ನೋಡಿ, ನಮಗೆ ಚೆನ್ನಾಗಿ ಕಾಣೋದು ಎಷ್ಟೋ ಸಲ ಗಾಜಿನ ಹೊಳಪಲ್ಲಿ ಅವ್ರಿಗೆ ಕಾಣೋದೇ ಇಲ್ಲ.

ಕೌದಿ ಇದ್ರೆ ಅಲ್ಲಿಂದ್ಲೇ ಶುರು ಮಾಡಿ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಒಂದು ಊರಿದೆ, ಅಲ್ಲಿನ ಕಪ್ಪು ಹೆಣ್ಣುಮಕ್ಕಳು ಹೊಲಿಯೋ ಒಂದು ವಿನ್ಯಾಸಕ್ಕೆ 'ಹೌಸ್‌ಟಾಪ್' ಅಂತಾರೆ, ಅಂದ್ರೆ ಮನೆ ಚಾವಣಿ, ನಡುವೆ ಒಂದು ತುಂಡು ಬಟ್ಟೆ ಇಟ್ಟು ಸುತ್ತ ಪಟ್ಟಿ ಮೇಲೆ ಪಟ್ಟಿ ಸೇರಿಸ್ತಾ ಹೋಗೋದು. ಅದೇ ಊರಿನ ಮಿಸ್ಸೌರಿ ಪೆಟ್‌ವೇ ಅನ್ನೋರು 1942ರಲ್ಲಿ ಗಂಡ ತೀರ್ಕೊಂಡ್ಮೇಲೆ ಅವರ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಹೊಲಿದ್ರು, ಅದೀಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಿಮ್ಮ ಮ್ಯೂಸಿಯಂನಲ್ಲಿ ಇಂಥದ್ದಿಲ್ಲ ಅಂದ್ರೆ ದೊಡ್ಡದೊಂದು ಫೋಟೋ ಪ್ರಿಂಟ್ ತಗೊಂಡ್ ಹೋಗಿ. ಆದ್ರೆ ಗಂಡನ ಕಥೆ ಮೊದ್ಲೇ ಹೇಳ್ಬೇಡಿ ದಯವಿಟ್ಟು. ಎರಡು ನಿಮಿಷ ಸುಮ್ನೆ ನೋಡ್ಲಿ, ಎಲ್ಲಿ ಬಣ್ಣ ಮಾಸಿದೆ ಎಲ್ಲಿ ಗಾಢವಾಗಿ ಉಳ್ದಿದೆ ಅಂತ ಅವ್ರೇ ಹುಡುಕ್ಲಿ, ಇದು ಮೊದ್ಲು ಏನಾಗಿತ್ತು ಅಂತ ಕೇಳಿ, ಯಾರೋ ಒಬ್ರು ಪ್ಯಾಂಟು ಅಂದೇ ಅಂತಾರೆ, ಆಮೇಲೆ ಕಥೆ ಹೇಳಿ.

ಕೇಳೋಕೆ ಮೂರೇ ಪ್ರಶ್ನೆ ಸಾಕು: ಇಲ್ಲಿ ಏನ್ ನಡೀತಿದೆ, ಏನ್ ನೋಡಿ ಹಾಗನ್ಸ್ತು, ಇನ್ನೇನ್ ಕಾಣ್ಸುತ್ತೆ. ಮನೋವಿಜ್ಞಾನಿ ಅಬಿಗೇಲ್ ಹೌಸೆನ್ ಮತ್ತೆ ಮ್ಯೂಸಿಯಂ ಶಿಕ್ಷಣತಜ್ಞ ಫಿಲಿಪ್ ಯೆನವೈನ್ ಮಾಡಿದ ವಿಧಾನ ಇದು, ಎರಡನೇ ಪ್ರಶ್ನೆನೇ ಇದರ ಜೀವ. ಲೇಬಲ್ ಕೊನೆಗೆ ಓದ್ಲಿ.

ಕೋಣೆ ಯಾಕಿಷ್ಟು ಕತ್ತಲು ಅಂತ ಕೇಳೇ ಕೇಳ್ತಾರೆ. ಬೆಳಕಿಗೆ ಬಟ್ಟೆ ಬಣ್ಣ ಬಿಡುತ್ತೆ, ಅದಕ್ಕೇ ಸುಮಾರು 50 ಲಕ್ಸ್ (ಬೆಳಕು ಅಳೆಯೋ ಮಾನ) ಮಾತ್ರ ಇಡ್ತಾರೆ. ಮುಟ್ಬೇಡಿ ಅನ್ನೋ ಬದ್ಲು ಒಂದು ಹಳೇ ಬಟ್ಟೆ ತುಂಡು ಕೈಗೆ ಕೊಡಿ, ಆಸೆ ಅಲ್ಲೇ ತೀರುತ್ತೆ. ಬರೆಯೋಕೆ ಪೆನ್ಸಿಲ್ ಮಾತ್ರ.

ಎರಡನೇ ವಸ್ತುವಿಗೆ ಕೆನಡಾದ ಜನಪದ ಚಿತ್ರಕಾರ್ತಿ ಮಾಡ್ ಲೂಯಿಸ್ ಮನೆ ಫೋಟೋ ತೋರ್ಸಿ. ಒಂದೇ ಕೋಣೆಯ ಪುಟ್ಟ ಮನೆ, ಸಂಧಿವಾತದಿಂದ ಸೊಟ್ಟಗಾದ ಕೈಯಲ್ಲೇ ಬಾಗಿಲು ಗೋಡೆ ಒಲೆ ಯಾವುದನ್ನೂ ಬಿಡದೆ ಹೂವು ಹಕ್ಕಿ ಬರೆದಿದ್ರು. 1970ರಲ್ಲಿ ಅವರು ತೀರ್ಕೊಂಡ್ರು, 1984ರಲ್ಲಿ ಸರ್ಕಾರ ಮನೆ ಕೊಂಡ್ಕೊಳ್ತು, ಈಗ ಇಡೀ ಮನೆನೇ ಹ್ಯಾಲಿಫ್ಯಾಕ್ಸ್‌ನ ಮ್ಯೂಸಿಯಂ ಒಳಗಿದೆ! ಮನೆಯೊಳಗೆ ಚಿತ್ರ ಇರೋದು ಗೊತ್ತು, ಮ್ಯೂಸಿಯಂ ಒಳಗೆ ಮನೆ ಅಂದ್ರೆ ಮಕ್ಕಳ ಕಣ್ಣು ಅರಳುತ್ತೆ.

ಒಂದು ವಿಷಯ ಮಾತ್ರ ತುಂಬಾ ಎಚ್ಚರ. "ನಿಮ್ಮನೆ ಬಗ್ಗೆ ಹೇಳಿ" ಅಂತ ಎಲ್ರ ಮುಂದೆ ಕೇಳ್ಬೇಡಿ. ಹಾಸ್ಟೆಲ್ಲಲ್ಲಿ ಬೆಳೆದೋರು, ಮನೆ ಕಳ್ಕೊಂಡೋರು, ಅಪ್ಪ ಅಮ್ಮ ಬೇರೆಯಾದೋರು ಗುಂಪಲ್ಲಿ ಇರ್ತಾರೆ, ಅವ್ರಿಗೆ ಆ ಒಂದು ಪ್ರಶ್ನೆ ದಿನವೆಲ್ಲಾ ಚುಚ್ಚುತ್ತೆ. ಅದರ ಬದ್ಲು, ನಿಂಗೆ ಹಾಯಾಗಿ ಕೂರೋಕೆ ಆಗೋ ಒಂದು ಮೂಲೆ ಬರಿ ಅನ್ನಿ, ಅದು ಬಸ್ ಸೀಟೇ ಆಗಿರ್ಲಿ. ಬರೆದಿದ್ದನ್ನ ತೋರ್ಸೋದು ಬಿಡೋದು ಅವ್ರಿಷ್ಟ.

ಕೊನೆ ಹತ್ತು ನಿಮಿಷ ಏನೂ ಹೇಳ್ಬೇಡಿ, ಇಷ್ಟ ಆದ ವಸ್ತು ಹತ್ರ ವಾಪಸ್ ಹೋಗಿ ಕೂರೋಕೆ ಬಿಟ್ಬಿಡಿ.